ಸ್ಯಾಕ್ಸೋಫೋನ್ ಊದಿದವರು ಯಾರು

ಹಿರಿಯರಾದ ಸಂಗೀತ ನಿರ್ದೇಶಕರಿಗೆ ನಮಸ್ಕಾರಗಳು.

ನಿಮ್ಮ ಆರ್ಕೆಸ್ಟ್ರಾದಲ್ಲಿ ಸ್ಯಾಕ್ಸೋಫೋನ್ ಊದುತ್ತಿದ್ದ, ನೀವೆಲ್ಲ ಉದ್ದಣ್ಣ ಎಂದು ಕರೆಯುತ್ತಿದ್ದವರ ಮಗಳು ನಾನು. ನಾನು ತೊಟ್ಟಿಲಲ್ಲಿದ್ದಾಗಲೇ ಅಪ್ಪ ತೀರಿಕೊಂಡರು. ಬುದ್ಧಿ ಬಂದಾಗಿನಿಂದ ನಿಮ್ಮ ಚಿತ್ರಗಳ ರೆಕಾರ್ಡುಗಳನ್ನು ಹುಡುಕಿ ಹುಡುಕಿ ಕೂಡಿಟ್ಟಿದ್ದೇನೆ. ಅವುಗಳಲ್ಲಿನ ಲಾಲಿಹಾಡುಗಳನ್ನು ಮಾಡಿದ ನೀವೇ ಜಾಝ್ ಕುಣಿತದ ಹಾಡುಗಳನ್ನೂ ಮಾಡಿದಿರೆಂದರೆ ಇಂದಿಗೂ ಬೆರಗಾಗುತ್ತದೆ. ಆದರೆ ಯಾವ ಕವರಿನ ಮೇಲೂ ವಾದ್ಯದವರ ಹೆಸರಿಲ್ಲ.

ಅಮ್ಮ ಹಾಸಿಗೆ ಹಿಡಿದಿದ್ದಾಳೆ. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅಪ್ಪ ಮನೆಯಲ್ಲಿ ಊದುತ್ತಲೇ ಇರಲಿಲ್ಲವಂತೆ. ಈಗ ನಾನು ಜಾಝ್ ಹಾಡುಗಳನ್ನು ಒಂದೊಂದಾಗಿ ಹಾಕುತ್ತೇನೆ. ಸ್ಯಾಕ್ಸೋಫೋನ್ ಕೇಳಿಸಿದಾಗಲೆಲ್ಲ, "ಇದು ಅವರದ್ದೇನೇ?" ಎನ್ನುತ್ತಾಳೆ.

"ಗೊತ್ತಿಲ್ಲಮ್ಮ."

"ಇಷ್ಟೆಲ್ಲ ಗುಡ್ಡೆ ಹಾಕ್ಕೊಂಡು ಏನು ಮಾಡ್ದೆ ಮತ್ತೆ?" ಎಂದು ಗೋಡೆಯ ಕಡೆ ಹೊರಳುತ್ತಾಳೆ.

ಅಪ್ಪ ಊದಿದ ಒಂದೇ ಒಂದು ಹಾಡಿನ ಹೆಸರು ದಯವಿಟ್ಟು ಬೇಗ ಬರೆದು ಕಳಿಸಿ. ನೆನಪಾಗದಿದ್ದರೆ ಯಾವುದಾದರೊಂದನ್ನು ಬರೆದುಬಿಡಿ. ನಾನು ಹೇಳಿದರೆ ಅಮ್ಮ ನಂಬುವುದಿಲ್ಲ, ನಿಮ್ಮ ಕೈಬರಹ ತೋರಿಸಿದರೆ ನಂಬುತ್ತಾಳೆ.

ಅದು ನಿಜವಾಗಿ ಅಪ್ಪನದೋ ಅಲ್ಲವೋ ಎಂಬುದನ್ನು ಮಾತ್ರ ನನಗೂ ತಿಳಿಸಬೇಡಿ.

ಇಂತಿ,
ಉದ್ದಣ್ಣನ ಮಗಳು