ಊದದ ಕುತ್ತಿಗೆ

ಮಂಗಳವಾರ, ೧೪ ನವೆಂಬರ್

ನಮ್ಮ ವೆಟರ್ನರಿ ಕಾಲೇಜಿನ, ನಾವೆಲ್ಲ ಅಜ್ಜಿ ಎನ್ನುವ ಮುದಿ ಹಸುವಿನ ಕುತ್ತಿಗೆ ಊದಿರಲಿಲ್ಲ. ಮೊನ್ನೆ ಶನಿವಾರ ಕೊಟ್ಟ ಟಿಬಿ ಟೆಸ್ಟಿನ ಇಂಜೆಕ್ಷನ್ ಜಾಗ ನುಣ್ಣಗಿತ್ತು. ಊದಿದ್ದರೆ ಟಿಬಿ. “ಪಾಸ್!” ಎಂದು ಕುಣಿದೆ.

ಮೇಡಂ ನಗಲಿಲ್ಲ. “ಅವಸರ ಬೇಡ ಕಣೆ. ಇವಳು ಕೆಮ್ತಿದಾಳೆ. ವರ್ಷಗಟ್ಟಲೆ ರೋಗದ ಜೊತೆ ಗುದ್ದಾಡಿದ ಮೈ ಒಮ್ಮೊಮ್ಮೆ ಸುಸ್ತಾಗಿ ಊದೋದನ್ನೇ ಬಿಟ್ಬಿಡತ್ತೆ.”

ನಾಳೆ ರಕ್ತಪರೀಕ್ಷೆ. ಟಿಬಿ ಎಂದು ಬಂದರೆ ಅಜ್ಜಿಯನ್ನು ಉಳಿಸುವುದಿಲ್ಲ.

ಮಾಸ್ಕ್ ಹಾಕಿಕೊಂಡೇ ಅವಳ ಕುತ್ತಿಗೆಯಡಿ ಜೋಲುವ ಗಂಗೆದೊಗಲು ತುರಿಸಿದೆ. ಕಣ್ಣು ಮುಚ್ಚಿ, ತಲೆಯ ಭಾರವನ್ನೆಲ್ಲ ನನ್ನ ಹೆಗಲಿಗೆ ಬಿಟ್ಟಳು.

ಸಂಜೆ ಅಮ್ಮ ಫೋನಿನಲ್ಲಿ “ಹೇಗಿದೀಯಾ?” ಎಂದಾಗ, ಐದನೇ ಕ್ಲಾಸಿನಿಂದ ಹಾಸ್ಟೆಲುಗಳಲ್ಲಿ ಹೇಳಿ ರೂಢಿಯಾದ “ಫೈನ್” ಬಾಯಿಗೆ ಬಂತು. ನುಂಗಿಕೊಂಡೆ.

“ಇಲ್ಲಮ್ಮ, ಭಯ ಆಗ್ತಿದೆ,” ಎಂದೆ.

“ಒಲೆ ಆರಿಸಿ ಬಂದೆ, ಹೇಳು ಕಂದ.”

ಬೆಳಿಗ್ಗೆ ಸೂಜಿ ಚುಚ್ಚುವಾಗ ಅಜ್ಜಿಯ ತಲೆ ನಾನೇ ಹಿಡಿದುಕೊಳ್ಳುತ್ತೇನೆ, ಅಷ್ಟಾದರೂ…