ಹಲಸಿನ ಮರದ ಕೆಳಗೆ ಇಬ್ಬರ ಹೆಸರು

ಗುಬ್ಬಿ,
14 ಮೇ 2008, ಬುಧವಾರ

ಮಗು ಶಾಂತಲಾ,

ನಿನ್ನ ಮಾವ ಮನಸಾರೆ ಮಾಡುವ ಆಶೀರ್ವಾದಗಳು. ಮದುವೆಯ ಹೊಸದರಲ್ಲಿ ನೀನು ಕುಣಿಗಲ್ಲಿಗೆ, ತವರಿಗೆ ಹೋದಾಗಲೆಲ್ಲ ನಾನು ‘ಚಿ. ಸೌ.’ ಎಂದೇ ಕಾಗದ ಶುರು ಮಾಡುತ್ತಿದ್ದೆ. ಇವತ್ತು ಕೈ ಅಲ್ಲೇ ನಿಂತಿತು. ಹಾಳಾಗಿ ಹೋಗಲಿ, ಮಗು ಎಂದರೆ ಸಾಕು ಎಂದು ಮುಂದೆ ಬರೆಯುತ್ತಿದ್ದೇನೆ. ಹೇಗಿದ್ದೀಯಾ? ಹೋದ ಸಲ ಬಂದಾಗ ಕೆಮ್ಮುತ್ತಿದ್ದೆ, ವಾಸಿಯಾಯಿತೇ? ಕಷಾಯ ಎಂದರೆ ಮೂಗು ಮುರಿಯುವವಳು ನೀನು, ಗೊತ್ತು. ಹೊತ್ತಿಗೆ ಸರಿಯಾಗಿ ಊಟವನ್ನಾದರೂ ಮಾಡು. ಇಲ್ಲಿ ನಿಮ್ಮತ್ತೆಗೆ ಮಂಡಿನೋವಿನ ಕಾಟ, ನನಗೆ ನಿಮ್ಮತ್ತೆಯ ಕಾಟ, ಬೇರೆ ಕಾಯಿಲೆ ಯಾವುದೂ ಇಲ್ಲ. ಫೋನ್ ಮಾಡಬಹುದಿತ್ತಲ್ಲ ಮಾವ ಎನ್ನುತ್ತೀಯೆ. ಮಾಡಿದರೆ ನಿಮ್ಮತ್ತೆ ಪುಟ್ಟತಾಯಮ್ಮ ನನ್ನ ಕೈಯಿಂದ ಕಿತ್ತುಕೊಳ್ಳುತ್ತಾಳೆ. ಆ ಕಡೆ ನೀನು, ಈ ಕಡೆ ಅವಳು, ಅತ್ತು ಮುಗಿಸುವುದರೊಳಗೆ ನಾನು ಹೇಳಬೇಕಾದದ್ದು ಮರೆತೇ ಹೋಗಿರುತ್ತದೆ.

ಮೊನ್ನೆ ನಿಮ್ಮಪ್ಪ ಅಡವಿಯಪ್ಪನವರು ಬಂದಿದ್ದರು. ಕೊಟ್ಟ ಕಾಫಿ ಆರಿ ತಣ್ಣಗಾಗುವವರೆಗೂ ಮಳೆ ಬೆಳೆ ಎಂದು ಏನೇನೋ ಮಾತಾಡಿದರು. ಕೊನೆಗೆ ಟವೆಲಿನಿಂದ ಮುಖ ಒರೆಸಿಕೊಂಡು ಬಂದ ವಿಷಯ ಹೇಳಿದರು. ಕ್ಯಾತ್ಸಂದ್ರದ ಕಡೆಯ ಹೈಸ್ಕೂಲ್ ಮೇಷ್ಟ್ರು ರವೀಶ್ ಎನ್ನುವವರ ಮನೆಯವರು ನಿನ್ನನ್ನು ಕೇಳುತ್ತಿದ್ದಾರೆ, ಎಲ್ಲಾ ತಿಳಿದೇ ಕೇಳುತ್ತಿದ್ದಾರೆ, ಮುಂದಿನ ಭಾನುವಾರ ಬರುತ್ತಾರೆ. ನೀನು ಮಾತ್ರ ನಮ್ಮ ರೇಣು ಹಿಡಿದು ಅರ್ಧಕ್ಕೆ ಬಿಟ್ಟುಹೋದ ಕೆಲಸ ಮುಗಿಯೋವರೆಗೂ ಆ ಮಾತೇ ಎತ್ತಬೇಡಿ ಎಂದೆಯಂತೆ. ‘ಆ ಕಂಪ್ಯೂಟ್ರು ಕೆಲ್ಸ ಯಾವಾಗ ಮುಗೀತದೆ ಬೀಗ್ರೇ?’ ಎಂದು ನನ್ನನ್ನೇ ಕೇಳಿದರು. ಹಸುವಿಗೆ ನೀರಿಟ್ಟು ಬರುತ್ತೇನೆ ಎಂದು ಎದ್ದು ಹೋದೆ. ಆ ವಿಷಯ ಆಮೇಲೆ ಬರೆಯುತ್ತೇನೆ. ಮೊದಲು ನಾನು ಮಾಡಿದ ಘನಂದಾರಿ ಕೆಲಸ ಕೇಳು.

ಹೋದ ತಿಂಗಳು ನೀನು ಕಂಪ್ಯೂಟರಿನಲ್ಲಿ ರೇಣು ಮಾಡಿಟ್ಟ ಆ ಹಲಸಿನ ವಿಕಿ ತೆಗೆಯುವುದನ್ನು ಹೇಳಿಕೊಟ್ಟು ಹೋದೆಯಲ್ಲ, ಅಂದಿನಿಂದ ತಿಂಡಿ ಆಗುತ್ತಲೇ ನಡುಮನೆಯ ಕಂಪ್ಯೂಟರ್ ಮುಂದೆ ನನ್ನ ಡ್ಯೂಟಿ. ರಿಟೈರಾದ ಪೋಸ್ಟ್‌ಮ್ಯಾನ್ ಬುದ್ಧಿಗೆ ಎಟುಕಿದ್ದು ಇಷ್ಟು, ತಪ್ಪಿದ್ದರೆ ನಗಬೇಡ. ಒಂದೊಂದು ಹಲಸಿನ ಮರಕ್ಕೂ ಒಂದೊಂದು ಪುಟ. ಪುಟದಲ್ಲಿ ಊರಿನ ಹೆಸರೋ ಮರದ ಯಜಮಾನನ ಹೆಸರೋ ನೀಲಿಯಾಗಿದ್ದರೆ, ಅದರ ಮೇಲೆ ಒತ್ತಿದಾಗ ಆ ಹೆಸರಿನ ಪುಟಕ್ಕೆ ಕರೆದುಕೊಂಡು ಹೋಗುತ್ತದೆ. ಕೆಂಪಾಗಿದ್ದರೆ ಹೆಸರು ಮಾತ್ರ ಇದೆ, ಪುಟ ಇಲ್ಲ ಎಂದು ಅರ್ಥ. ನಮ್ಮ ಸಾರ್ಟಿಂಗಿನಲ್ಲಿ ಒಂದು ಕಾಗದ ಒಂದೇ ಗೂಡಿಗೆ ಹೋಗಬೇಕು. ಇಲ್ಲಿ ಒಂದೇ ಕಾಗದ ಎಲ್ಲಾ ಗೂಡಿನಿಂದಲೂ ಕೈಗೆ ಸಿಗುತ್ತದೆ, ಭಲೇ ಎನ್ನಿಸಿತು. ಹಾಗಲವಾಡಿಯ ಚಿಕ್ಕಬೀರಯ್ಯನ ಹಿತ್ತಲ ಮರದ ಪುಟ ಓದಿದೆ. ‘ತೊಳೆ ಕೇಸರಿ ಬಣ್ಣ, ಸಿಹಿ ಜಾಸ್ತಿ, ಆಷಾಢದವರೆಗೂ ಹಣ್ಣು, ಶಾಂತಲಾ ಮಿತಿಮೀರಿ ತಿಂದು ಹೊಟ್ಟೆನೋವು’ ಎಂದು ಬರೆದಿದ್ದಾನೆ ರೇಣು, ಕಳ್ಳ! ಪ್ರತಿ ಭಾನುವಾರ ನೀವಿಬ್ಬರೂ ಬೈಕಿನಲ್ಲಿ ಊರೂರು ತಿರುಗಿ ಹಣ್ಣು ತಿಂದು ಬಂದು, ಅವನು ಹೇಳುತ್ತಾ ನೀನು ಟೈಪ್ ಮಾಡುತ್ತಾ ಕೂತಿದ್ದಾಗ, ‘ಹಲಸಿನ ಹಣ್ಣಿಗೂ ಜಾತ್ಕ ಬರೀತೀರೇನ್ರೋ’ ಎಂದು ನಾನು ರೇಗಿಸುತ್ತಿದ್ದೆ. ಪ್ರತಿ ಮರದ ಕೆಳಗೂ ‘ನೋಡಿದವರು: ರೇಣು, ಶಾಂತಲಾ’ ಎಂದು ಇಬ್ಬರ ಹೆಸರೂ ನೀಲಿಯಲ್ಲಿ ಇತ್ತು.

ಆ ರೇಣು ಎನ್ನುವುದರ ಮೇಲೆ ಒತ್ತಿದೆ. ತುಮಕೂರಿನ ಕಾಲೇಜಿನಲ್ಲಿ ಅಷ್ಟು ಹುಡುಗರಿಗೆ ಕಂಪ್ಯೂಟರ್ ಕಲಿಸಿದವನು ತನ್ನ ಬಗ್ಗೆ ಒಂದೇ ಸಾಲು ಬರೆದುಕೊಂಡಿದ್ದಾನೆ. ‘ರೇಣುಕಾಪ್ರಸಾದ್. ಊರು ಗುಬ್ಬಿ, ಕೆಲಸ ತುಮಕೂರು, ಹುಚ್ಚು ಹಲಸು.’ ಮುಂದಿನದನ್ನು ಅಪ್ಪನಾದ ನಾನೇ ಬರೆಯಬೇಕಲ್ಲ ಎನ್ನಿಸಿತು. ಹೋದ ವರ್ಷಕ್ಕೆ ಹಿಂದಿನ ಶ್ರಾವಣದ ಆ ಜ್ವರ, ಆಸ್ಪತ್ರೆ, ಅವನು ನಿನ್ನ ಕೈ ಹಿಡಿದುಕೊಂಡೇ ಹೋದದ್ದು, ಎಲ್ಲವನ್ನೂ ತಾರೀಖು ಸಮೇತ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಏನು ಬರೆದಿರಿ ಎಂದು ನಿಮ್ಮತ್ತೆ ಕೇಳಿದಳು, ಓದಿ ಹೇಳಿದೆ. ‘ಅಯ್ಯೋ ಶಿವನೇ! ಸಾವಿನ್ ಕಾಗ್ದಾನ ಮನೆ ಒಳ್ಗೆ ಇಟ್ಕೊಂಡ್ ಕೂತಿದೀರಾ? ಹರ್ದಾಕ್ರೀ ಮೊದ್ಲು’ ಎಂದಳು. ನನಗೆ ಗೊತ್ತಿಲ್ಲದ ಪದ್ಧತಿಯೇ? ಸರ್ವೀಸಿನಲ್ಲಿ ಎಷ್ಟು ಸಾವಿನ ಕಾಗದ ಹೊತ್ತು ತಿರುಗಿದ್ದೇನೆ. ಹೊಸಿಲಾಚೆ ನಿಂತೇ ಓದುತ್ತಿದ್ದೆ. ಕೇಳಿಸಿಕೊಂಡವರು ಅಲ್ಲೇ ಹರಿದು ಬೇಲಿಯಾಚೆ ಎಸೆದು ತಲೆಗೆ ನೀರು ಹಾಕಿಕೊಳ್ಳುತ್ತಿದ್ದರು. ಬರೆದ ನಾಲ್ಕು ಸಾಲು ಅಳಿಸಿದ್ದರೆ ಸಾಕಿತ್ತು. ಕಾಗದ ಎಂದ ಮೇಲೆ ಪೂರ್ತಿ ಹರಿಯಬೇಕು ಎನ್ನುವ ಹಳೇ ಬುದ್ಧಿ ನನ್ನದು, ಇಡೀ ಪುಟವನ್ನೇ ತೆಗೆದುಹಾಕಿದೆ. ಖಂಡಿತಾ ತೆಗೆಯಲೇ ಎಂದು ಅದು ಇಂಗ್ಲಿಷಿನಲ್ಲಿ ಕೇಳಿತು. ಹೂಂ ಎಂದು ಒತ್ತಿದೆ.

ಆಮೇಲೆ ಚಿಕ್ಕಬೀರಯ್ಯನ ಮರಕ್ಕೆ ಹಿಂದಿರುಗಿ ನೋಡಿದರೆ ರೇಣು ಹೆಸರು ಕೆಂಪಾಗಿದೆ. ಗೂಳೂರಿನ ಮರಕ್ಕೆ ಹೋದೆ, ಅಲ್ಲೂ ಕೆಂಪು. ಯಾವ ಮರಕ್ಕೆ ಹೋದರೂ ಅದೇ. ನಿನ್ನ ಹೆಸರು ನೀಲಿ, ಪಕ್ಕದಲ್ಲಿ ಅವನದು ಕೆಂಪು. ನಿಮ್ಮತ್ತೆಗೆ ಓದು ಬರದಿದ್ದರೂ ಮಗನ ಹೆಸರಿನ ಗುರುತು ಚೆನ್ನಾಗಿದೆ. ‘ನಮ್ ಹುಡುಗುನ್ ಹೆಸ್ರು ಯಾಕ್ರೀ ಕೆಂಪಾಯ್ತು?’ ಎಂದಳು. ಹೆಸರಿದೆ, ಪುಟ ಇಲ್ಲ, ಅದಕ್ಕೆ ಎಂದೆ. ‘ದಿಟ್ವೇ ಅಲ್ವಾ’ ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇಬ್ಬರೂ ಅತ್ತೆವು ಕಣಮ್ಮ. ಅವನು ಹೋದ ದಿನ ನಾನು ಅತ್ತಿರಲಿಲ್ಲ, ಬಂದವರಿಗೆ ಕುರ್ಚಿ ಹಾಕುತ್ತಾ ಓಡಾಡಿದೆ. ಮೊನ್ನೆ ಆ ಪರದೆಯ ಮುಂದೆ ಅಂದಿನ ಅಳುವೆಲ್ಲ ಬಂತು. ಸ್ವಲ್ಪ ಹೊತ್ತಾದ ಮೇಲೆ ನಿಮ್ಮತ್ತೆ ನಿನ್ನ ಹೆಸರಿನ ಮೇಲೆ ಬೆರಳಿಟ್ಟು ಇದ್ಯಾರದು ಎಂದು ಕೇಳಿದಳು. ಶಾಂತಲಾಳದು ಎಂದೆ. ‘ಇವ್ಳು ಬದುಕಿರೋಳು ಕಣ್ರೀ. ಇವ್ಳನ್ನೂ ಯಾಕ್ರೀ ಆ ಮರುದ್ ಕೆಳ್ಗೇ ಕಟ್ಟಾಕಿದೀವಿ?’ ಎಂದಳು. ಅವಳು ಎದ್ದು ಅಕ್ಕಿ ಆರಿಸಲು ಹೋದಳು.

ಮಾರನೇ ದಿನ ಧೈರ್ಯ ಮಾಡಿ ಆ ಕೆಂಪು ಹೆಸರನ್ನೇ ಒತ್ತಿದೆ. ಇಂಥ ಪುಟವಿಲ್ಲ, ಹೊಸದು ಮಾಡಲೇ ಎಂದು ಕೇಳಿತು. ಮಾಡು ಮಾರಾಯ ಎಂದೆ. ಅವನು ಬರೆದಿದ್ದ ಸಾಲನ್ನೇ ಮತ್ತೆ ಬರೆದೆ. ಅದರ ಕೆಳಗೆ ಚಿಕ್ಕಂದಿನಲ್ಲಿ ಹಲಸಿನ ಮೇಣ ತಲೆಗೂದಲಿಗೆ ಹಚ್ಚಿಕೊಂಡು ತಲೆ ಬೋಳಿಸಿಕೊಂಡದ್ದು, ನನ್ನ ಸೈಕಲ್ಲಿನ ಬೆಲ್ ಕೇಳಿದರೆ ಬೀದಿ ತುದಿವರೆಗೆ ಓಡಿ ಬರುತ್ತಿದ್ದದ್ದು, ನಿನ್ನನ್ನು ನೋಡಿ ಬಂದ ದಿನ ಊಟವನ್ನೇ ಮರೆತದ್ದು, ಇಂಥವನ್ನೆಲ್ಲ ಬರೆದೆ. ಸಾವಿನ ಮಾತು ಎತ್ತಲಿಲ್ಲ. ಪ್ರತಿ ಮರಕ್ಕೂ ಹೋಗಿ ಸರಿಮಾಡಬೇಕೇನೋ ಎಂದುಕೊಂಡಿದ್ದೆ. ನೋಡಿದರೆ ಒಂದೇ ಸಲಕ್ಕೆ ಎಲ್ಲಾ ಕಡೆಯೂ ನೀಲಿಯಾಗಿತ್ತು. ಪುಟ ಬಂತು, ಹುಡುಗ ಬರಲಿಲ್ಲ. ಅಂತೂ ಅದು ಸರಿಹೋಗಿದೆ. ಅದನ್ನು ರಿಪೇರಿ ಮಾಡಲೆಂದು ಬಿಸಿಲಿನಲ್ಲಿ ಬಸ್ಸು ಹತ್ತಿ ಬರಬೇಡ.

ನಿಮ್ಮಪ್ಪ ಅಮ್ಮನಿಗೆ ನಮ್ಮಿಬ್ಬರ ಶರಣು ತಿಳಿಸು. ಬಿಸಿಲು ಬಹಳ, ತಲೆಗೆ ಎಣ್ಣೆ ಹಚ್ಚಿಕೋ. ಶಿವ ನಿನ್ನನ್ನು ತಂಪಾಗಿಟ್ಟಿರಲಿ.

ನಿನ್ನ ಮಾವ,
ಸಿದ್ದಗಂಗಯ್ಯ

ಮರೆತ ಮಾತು: ಮರೆತದ್ದಲ್ಲ, ತಪ್ಪಿಸಿಕೊಂಡದ್ದು. ಆಮೇಲೆ ಬರೆಯುತ್ತೇನೆ ಎಂದವನು ಬರೆಯದೆ ರುಜು ಹಾಕಿಬಿಟ್ಟೆ. ನಿಮ್ಮತ್ತೆ ಬಾಗಿಲಲ್ಲಿ ನಿಂತು ‘ಬರುದ್ರಾ, ಬರುದ್ರಾ’ ಎಂದು ಪ್ರಾಣ ತಿನ್ನುತ್ತಿದ್ದಾಳೆ. ರೇಣು ಹೆಸರು ಮಾತ್ರ ಬರೆದಿಟ್ಟು, ಪುಟವಿಲ್ಲದೆ ಇನ್ನೂ ಕೆಂಪಾಗಿಯೇ ಇರುವ ಮರಗಳೆಲ್ಲ ನನ್ನ ಪಾಲಿಗಿರಲಿ. ಆ ಊರುಗಳಿಗೆ ಸೈಕಲ್ ತುಳಿದವನು ನಾನು, ಯಾರ ಹಿತ್ತಲಲ್ಲಿ ಯಾವ ಮರ ಎಂದು ನನಗೆ ಯಾರೂ ದಾರಿ ತೋರಿಸಬೇಕಾಗಿಲ್ಲ. ಅದು ಮುಗಿಯಲಿ ಎಂದು ನೀನು ಕಾಯಬೇಡ, ಅದು ಮುಗಿಯುವ ಕೆಲಸವೂ ಅಲ್ಲ. ಭಾನುವಾರ ಆ ಮೇಷ್ಟ್ರ ಹತ್ತಿರ ಮಾತಾಡು. ಮನಸ್ಸಿಗೆ ಬರದಿದ್ದರೆ ಬೇಡ ಎನ್ನು, ಆದರೆ ನಮ್ಮ ಮುಖ ನೋಡಿ ಬೇಡ ಎನ್ನಬೇಡ. ಇದನ್ನು ಬರೆಯುವಾಗ ನನಗೆ ಬಹಳ ಸಂಕಟವಾಗುತ್ತಿದೆ, ಸುಳ್ಳು ಹೇಳುವುದಿಲ್ಲ. ಡಬ್ಬಿಗೆ ಬಿದ್ದ ಕಾಗದ ವಾಪಸ್ ಬರುವುದಿಲ್ಲ, ಮನಸ್ಸು ಬದಲಾಗುವ ಮೊದಲು ಹಾಕಿಬಿಡುತ್ತೇನೆ. ನೀನು ಒಪ್ಪಿದರೆ ಒಂದೇ ಒಂದು ಮಾತು ನಡೆಸಿಕೊಡು ತಾಯಿ. ಮದುವೆಗೆ ನಮ್ಮನ್ನು ನೆಂಟರ ಸಾಲಿನಲ್ಲಿ ಕೂರಿಸಬೇಡ. ನಾವಿಬ್ಬರೂ ಹೆಣ್ಣಿನ ಕಡೆಯವರಾಗಿ ಬರುತ್ತೇವೆ.