ಶೆಡ್ಡಿನ ಆ ತುದಿಗೂ ಕೇಳಿಸಿದ ಕೂಗು

ಅಜ್ಜಿಗೆ ಪ್ರೀತಿಯ ನಮಸ್ಕಾರ.

ನನ್ನ ನೆಗಡಿ ವಾಸಿಯಾಗಿದೆ, ಚಿಂತೆ ಬೇಡ. ಈ ಬಣ್ಣದ ಕಾರ್ಖಾನೆಯಲ್ಲಿ ಇಂದು ಸುರಕ್ಷತಾ ತರಬೇತಿಯ ಕೊನೆಯ ಪರೀಕ್ಷೆ. ಡ್ರಮ್ಮಿನಿಂದ ಆಸಿಡ್ ಸೋರಿ ಚರಂಡಿಯತ್ತ ಹರಿಯುತ್ತಿದೆ ಎಂದು ಭಾವಿಸಿ, ಶೆಡ್ಡಿನ ಆ ತುದಿಗೂ ಕೇಳುವಂತೆ ಕೂಗಿ ಎಲ್ಲರನ್ನೂ ನಿಲ್ಲಿಸಬೇಕು. ಇರುವುದು ಮೂರೇ ಅವಕಾಶ; ಮೊದಲ ಎರಡು ಸಲವೂ ನನ್ನ ಗಂಟಲಿನಿಂದ ದನಿಯೇ ಹೊರಡಲಿಲ್ಲ. ಮೂರನೆಯದೂ ತಪ್ಪಿದರೆ ಕೆಲಸವಿಲ್ಲ.

"ಮನೇಲಿ ಯಾರನ್ನೂ ಕೂಗೇ ಇಲ್ವೇನಮ್ಮಾ?" ಎಂದರು ಕಲಿಸುವ ಮೇಷ್ಟ್ರು.

ಕಣ್ಣು ಮುಚ್ಚಿ, "ಅಜ್ಜೀ, ಅಲ್ಲೇ ನಿಂತ್ಕೋ!" ಎಂದು ಕೂಗಿದೆ. ಕಣ್ಣು ಬಿಟ್ಟರೆ ಇಡೀ ಶೆಡ್ಡೇ ಕೆಲಸ ಬಿಟ್ಟು ನನ್ನತ್ತ ತಿರುಗಿತ್ತು. ಪಾಸಾದೆ. "ಯಾಕೇ ಹಂಗೆ ಕಿರುಚ್ತೀಯಾ, ನಾನೇನು ಕಿವುಡೀನಾ?" ಎಂದು ಗದರಲು ನೀನು ಮಾತ್ರ ಅಲ್ಲಿರಲಿಲ್ಲ.

ಕಾರ್ಡು ತುಂಬಿತು.

ನಿನ್ನ ಪುಟ್ಟಿ